ಹೃದಯದವರ ಬ್ಯಾಚು

ಗೆರೆ ಎಡಕ್ಕೆ ವಾಲಿತು.

ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ, ಹರಡಿಕೊಂಡಿತು. ಹುಬ್ಬು ತೀಡುವ ಪೆನ್ಸಿಲಿನಿಂದ ಗಂಡಸೊಬ್ಬ ತನ್ನ ಎದೆಯ ಮೇಲೆ ತಾನೇ ನೇರ ಗೆರೆ ಎಳೆದುಕೊಳ್ಳುವುದು ಹುಡುಗಾಟದ ಮಾತಲ್ಲ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಉಸಿರೆಳೆದರೆ ಎದೆ ಮೇಲೇಳುತ್ತದೆ, ಬಿಟ್ಟರೆ ಹೊಟ್ಟೆ ಮುಂದೆ ಬರುತ್ತದೆ. ಕೂದಲಿನ ಕಾಟವೊಂದು ಇರಲಿಲ್ಲ. ಅವನದು ಹುಟ್ಟಿದಾಗಿನಿಂದ ಹುಲ್ಲು ಬೆಳೆಯದ ಬಯಲು.

"ಒಳಗೆ ಏನ್ ಮಾಡ್ತಿದ್ದೀರಿ ಇಷ್ಟೊತ್ತು?" ಹೆಂಡತಿ ಬಚ್ಚಲಿನ ಬಾಗಿಲು ತಟ್ಟಿದಳು.

"ಗಡ್ಡ."

"ಗಡ್ಡ ಆಗ್ಲೇ ಮಾಡ್ಕೊಂಡ್ರಲ್ಲ."

"ಇನ್ನೊಂದ್ಸಲ."

"ನನ್ನ ಹುಬ್ಬಿನ ಪೆನ್ಸಿಲ್ ನೋಡಿದ್ರಾ?"

"ಇಲ್ವಲ್ಲ."

"ಎಲ್ಲಿ ಹೋಯ್ತೋ ಏನೋ," ಎನ್ನುತ್ತಾ ಹೋದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹಗಲೆಲ್ಲ ಊರವರ ಕಣ್ಣೊಳಗೆ ಇಣುಕಿ ಬಂದವಳಿಗೆ ಮನೆಯಲ್ಲಿ ಯಾರನ್ನೂ ನೋಡುವ ತ್ರಾಣ ಉಳಿದಿರುತ್ತಿರಲಿಲ್ಲ. ಹಾಗೆಂದು ಅವನ ತಕರಾರೇನೂ ಇಲ್ಲ. ಅವರಿಬ್ಬರ ನಡುವೆ ಯಾವ ತಕರಾರೂ ಇರಲಿಲ್ಲ. ಕೊನೆಯ ಸಲ ಜಗಳವಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದರೆ ಪಕ್ಕದ ಮನೆಯವರ ಜಗಳ ನೆನಪಾಗುತ್ತಿತ್ತು.

ಸಾಬೂನು ಹಚ್ಚಿ ತೊಳೆದು ಮತ್ತೆ ಶುರುಮಾಡಿದ. ಈ ಸಲ ಆಫೀಸಿನ ಚೀಲದಲ್ಲಿದ್ದ ಸ್ಕೇಲನ್ನು ಎದೆಗೊತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಏಟಿಗೆ ಎಳೆದ. ಅಕ್ಕಪಕ್ಕ ಹೊಲಿಗೆಯ ಗುರುತಿಗೆಂದು ಚುಕ್ಕೆಗಳನ್ನಿಟ್ಟ. ಭೇಷ್! ಅಪ್ಪಟ ಆಪರೇಷನ್ ಗಾಯ. ಪೆನ್ಸಿಲಿನ ಮೈಮೇಲೆ 'ಕಣ್ಣೀರಿಗೂ ಅಳಿಯದು' ಎಂದು ಬರೆದಿತ್ತು. ಕಣ್ಣೀರಿಗೆ ಅಳಿಯದ್ದು ಈಜುಕೊಳಕ್ಕೆ ಅಳಿದೀತೇ? ಶಿಳ್ಳೆ ಹಾಕುತ್ತಾ ಅಂಗಿಯ ಗುಂಡಿ ಹಾಕಿಕೊಂಡ.

ಇದಕ್ಕೆಲ್ಲ ಮೂಲ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಖಾಸಗಿ ಕಂಪನಿಯೊಂದರ ಆರೋಗ್ಯ ವಿಮೆಯ ಏಜೆಂಟು. "ಭಾವ, ನಮ್ಮ ಪಾಲಿಸಿ ಇದ್ರೆ ಜಿಮ್ಮಿಗೆ ಅರ್ಧಕ್ಕರ್ಧ ರಿಯಾಯಿತಿ. ಹೊಟ್ಟೆ ಬರೋಕ್ ಮುಂಚೆ ಸೇರ್ಕೊಂಡ್ಬಿಡಿ," ಎಂದು ದುಂಬಾಲು ಬಿದ್ದ. ಹೊಟ್ಟೆ ಆಗಲೇ ಬಂದಿತ್ತು. ಷಡ್ಡಕ ಮರ್ಯಾದಸ್ಥ, ಹಾಗೆ ಹೇಳಲಿಲ್ಲ. ಅರ್ಜಿಯನ್ನು ಅವನೇ ತುಂಬಿದ, ಇನ್ಯಾರೊಂದಿಗೋ ಫೋನಿನಲ್ಲಿ ನಗುತ್ತಾ ತುಂಬಿದ. ನೀಲಿ ಕಾರ್ಡು ಬರಬೇಕಿತ್ತು, ಕೆಂಪು ಕಾರ್ಡು ಬಂತು. ಕೆಂಪು ಕಾರ್ಡು ಎದೆ ಕುಯ್ಯಿಸಿಕೊಂಡು ಹೃದಯ ರಿಪೇರಿ ಮಾಡಿಸಿಕೊಂಡವರಿಗೆ. ಅವರು ಇನ್ನೊಮ್ಮೆ ರಿಪೇರಿಗೆ ಬಂದರೆ ಕಂಪನಿಗೇ ನಷ್ಟ ತಾನೆ? ಅದಕ್ಕೇ ಅವರಿಗೆ ಜಿಮ್ಮು ಬಹುಮಟ್ಟಿಗೆ ಪುಕ್ಕಟೆ.

"ತಪ್ಪಾಗಿದೆ ಕಣಯ್ಯ, ಸರಿ ಮಾಡಿಸು."

"ಸುಮ್ನಿರಿ ಭಾವ. ರಿಯಾಯಿತಿ ಜಾಸ್ತಿ ಸಿಕ್ತು ಅಂತ ಯಾರಾದ್ರೂ ಕಂಪ್ಲೇಂಟ್ ಕೊಡ್ತಾರಾ? ಅಲ್ಲಿ ಯಾರು ನಿಮ್ಮ ಅಂಗಿ ಬಿಚ್ಚಿ ನೋಡ್ತಾರೆ?"

ಅವನು ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಹೇಳಿ ಮಾಡಿಸಿದ ಕೆಲಸ.

ಹೃದಯದವರ ಬ್ಯಾಚು ಸಂಜೆ, ಆಫೀಸು ಬಿಟ್ಟ ಮೇಲೆ. ಮೊದಲ ದಿನ ಅವನು ಮೂಲೆಯ ಸೈಕಲ್ ಹತ್ತಿ ಯಾರ ಕಣ್ಣಿಗೂ ಬೀಳದಂತೆ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದ ದಢೂತಿ ಆಸಾಮಿಯೊಬ್ಬ ನೇರ ಬಂದು ಕೈ ಚಾಚಿದ. ಕೈ ಕುಲುಕಲೆಂದು ಇವನು ಕೈ ಕೊಟ್ಟರೆ ಆತ ಅಂಗೈ ಬಿಟ್ಟು ಮಣಿಕಟ್ಟು ಹಿಡಿದು, ನಾಡಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ನಿಂತ. ಆಮೇಲೆ ಇಡೀ ಜಿಮ್ಮಿಗೆ ಕೇಳುವಂತೆ ಕೂಗಿದ: "ಗಾಡಿ ಓಡ್ತಾ ಇದೆ!"

"ಓಡ್ಲಿ! ಓಡ್ಲಿ!" ಎಂದರು ಎಲ್ಲರೂ.

ಅಲ್ಲಿ ನಮಸ್ಕಾರಕ್ಕೆ ಬದಲು ಅದೇ ಪದ್ಧತಿ. ಬಂದವರ ನಾಡಿ ಇದ್ದವರು ಹಿಡಿಯುವುದು, ಗಾಡಿ ಓಡುತ್ತಿದೆ ಎಂದು ಸಾರುವುದು. ಅವನ ಮಣಿಕಟ್ಟನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ. "ಯಾವಾಗಾಯ್ತು ಆಪರೇಷನ್ನು?" ಎಂದು ಡ್ರೈವರಣ್ಣ ಕೇಳಿದಾಗ, "ಹೋದ ವರ್ಷ," ಎಂದುಬಿಟ್ಟ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನ ಕಸುಬೇ ಅಂಥದ್ದು. ಪರೀಕ್ಷಾ ಮಂಡಳಿಯಲ್ಲಿ ಕೂತು, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿ ಎನ್ನುವ ಪ್ರಶ್ನೆಗಳಿಗೆ ತಪ್ಪು ಉತ್ತರ ಬರೆಯುವವನು ಅವನು. ಸರಿ ಉತ್ತರ ಬರೆಯಲು ಬೇರೆಯವರಿದ್ದಾರೆ. ತಪ್ಪು ಉತ್ತರ ನೋಡುವುದಕ್ಕೆ ಸರಿಯಾಗಿಯೇ ಇರಬೇಕು, ಸರಿಯಾಗಿ ಮಾತ್ರ ಇರಬಾರದು. ಅದರಲ್ಲಿ ಅವನದು ಎತ್ತಿದ ಕೈ. ಹೀಗಾಗಿ ಕಥೆ ತಾನಾಗಿ ಬೆಳೆಯಿತು. ಆಫೀಸಿನ ಮೆಟ್ಟಿಲ ಮೇಲೆ ಅವನು ಕುಸಿದು ಬಿದ್ದಿದ್ದು, ಪಕ್ಕದ ಮೇಜಿನವನು ಹೆಗಲ ಮೇಲೆ ಹೊತ್ತು ಓಡಿದ್ದು, ಹೆಂಡತಿ ಆಸ್ಪತ್ರೆಯ ಮಂಚದ ಕಂಬಿ ಹಿಡಿದು ಗೋಳೋ ಎಂದು ಅತ್ತಿದ್ದು. ಅಳುವ ಭಾಗ ಬಂದಾಗ ಬ್ಯಾಚಿನ ಟೈಲರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಕಣ್ಣೂ ಒದ್ದೆಯಾಗಿತ್ತು, ಅದರಲ್ಲೇನೂ ನಾಟಕವಿರಲಿಲ್ಲ.

ಪರೀಕ್ಷಾ ಮಂಡಳಿಯವನೆಂದು ಅಂದಿನಿಂದ ಅವರಿಗೆಲ್ಲ ಅವನು ಮೇಷ್ಟ್ರು. ಮೇಷ್ಟ್ರೇ ರಾತ್ರಿ ನಿದ್ದೆ ಬಂತಾ, ಮೇಷ್ಟ್ರೇ ಮೆಟ್ಟಿಲು ಹತ್ತಬೇಡಿ. ಕೇಳಿ ಸುಮ್ಮನಾಗುವವರಲ್ಲ ಅವರು, ಉತ್ತರ ಬರುವವರೆಗೆ ಮುಖ ನೋಡುತ್ತಾ ನಿಲ್ಲುವವರು. ಸಂಜೆಯಾಗುವುದನ್ನೇ ಕಾಯುವ ಚಟ ಹತ್ತಿತು.

ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಜಿಮ್ಮಿನ ಹಿಂದೆ ಈಜುಕೊಳ ಕಟ್ಟಿ ಮುಗಿಸಿದರು. ಇವತ್ತು ಮೊದಲು ಇಳಿಯುವ ಭಾಗ್ಯ ಹೃದಯದವರಿಗೆ. ಗಂಡಸರು ಅಂಗಿ, ಬನಿಯನ್ನು ಹಾಕಿಕೊಂಡು ಇಳಿಯುವಂತಿಲ್ಲ ಎಂದು ಗೋಡೆಯ ಮೇಲೆ ಬರೆದಿದ್ದರು. ನೆಗಡಿ ಎಂದು ತಪ್ಪಿಸಿಕೊಳ್ಳೋಣವೆಂದರೆ ಅದೂ ಆಗದು. ಹಿಂದೊಮ್ಮೆ ಯಾರೋ ಬರಲಿಲ್ಲವೆಂದು ಇಡೀ ಬ್ಯಾಚು ಹಣ್ಣು ಹಿಡಿದು ಅವರ ಮನೆ ಬಾಗಿಲಿಗೆ ಹೋಗಿ ನಿಂತಿತ್ತು. ಇವನ ಮನೆಗೂ ಬಂದಾರು. ಅಷ್ಟೊಂದು ಅತ್ತ ಹೆಂಡತಿಯನ್ನು ನೋಡಬೇಕೆಂದಾರು. ಅವಳು ಅವರ ಕಣ್ಣಿನ ಪವರ್ ವಿಚಾರಿಸಿ ಕಳಿಸಿಯಾಳು. ಈ ಬ್ಯಾಚೊಂದು ಕೈತಪ್ಪಿದರೆ ತನಗೆ ಇನ್ನೇನಿದೆ ಎಂಬ ಯೋಚನೆ ಬಂದು, ಅದಕ್ಕೆ ಉತ್ತರ ಹುಡುಕುವ ಬದಲು ಅವನು ಪೆನ್ಸಿಲು ಹುಡುಕಿದ್ದ.

ಆಫೀಸಿನಲ್ಲಿ ಆ ದಿನ ಅವನ ಠೀವಿಯೇ ಬೇರೆ. ಅಂಗಿಯೊಳಗೆ ಗೆರೆ ಇದೆ ಎಂಬುದೇ ಒಂದು ಸಡಗರ.

"ಏನ್ ಸಮಾಚಾರ?" ಎಂದ ಪಕ್ಕದ ಮೇಜಿನವನು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಕಥೆಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತವನು ಇವನೇ.

"ಎಲ್ಲಾ ಮಾಮೂಲಿ."

"ಹಂಗಿರ್ಬೇಕು."

ಒಂದು ಗುಂಡಿ ಬಿಚ್ಚಿ ತೋರಿಸಿಬಿಡಲೇ ಎನ್ನಿಸಿತು. ನಕ್ಕು ಮತ್ತೊಂದು ತಪ್ಪು ಉತ್ತರ ಬರೆದ.

ಸಂಜೆ ಗಂಡಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಗದ್ದಲವೋ ಗದ್ದಲ. ಎಲ್ಲರೂ ಮಕ್ಕಳಂತೆ ಎದೆ ಬಿಟ್ಟುಕೊಂಡು ಓಡಾಡುತ್ತಿದ್ದರು. ಡ್ರೈವರಣ್ಣನ ಗಾಯ ಹೊಲಿದ ಗೋಣಿಚೀಲದ ಬಾಯಿಯ ಹಾಗೆ ದಪ್ಪಗೆ, ಅಂಕುಡೊಂಕಾಗಿ ಇಳಿದಿತ್ತು. ಒಬ್ಬನದು ಗುಲಾಬಿ, ಇನ್ನೊಬ್ಬನದು ಕಪ್ಪು. ಅವನು ಗೋಡೆಗೆ ತಿರುಗಿ ಅಂಗಿ ಕಳಚಿದ. ಮಡಚಿ ಗೂಟಕ್ಕೆ ಹಾಕಿದ. ತಿರುಗಿದ.

"ಅಬ್ಬಬ್ಬಾ ಮೇಷ್ಟ್ರೇ!" ಡ್ರೈವರಣ್ಣ ಸೊಂಟದ ಮೇಲೆ ಕೈಯಿಟ್ಟ. "ನಿಮ್ಮ ಡಾಕ್ಟ್ರು ಸ್ಕೇಲ್ ಇಟ್ಕೊಂಡು ಕುಯ್ದಿದಾನೆ ಕಣ್ರೀ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಬದುಕಿನಲ್ಲಿ ಇಷ್ಟು ಹಗುರಾಗಿ ನಕ್ಕಿದ್ದು ನೆನಪಿರಲಿಲ್ಲ.

ಕೊಳದ ನಡುವೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಈಚೆಗೆ ಸೊಂಟಮಟ್ಟದ ನೀರು, ಆಚೆಗೆ ಆಳ. ಟ್ರೇನರ್ ಹುಡುಗಿ ದಡದ ಮೇಲೆ ನಿಂತು ಸೀಟಿ ಊದಿದಳು. ಹೃದಯದವರು ಕೈ ಕೈ ಹಿಡಿದು ಈಚೆಯೇ ಸುತ್ತು ಹಾಕಿದರು, ಕೂತರು, ಎದ್ದರು, ಒಬ್ಬರ ಮೇಲೊಬ್ಬರು ನೀರೆರಚಿದರು. ಅವನ ಒಂದು ಕೈ ಡ್ರೈವರಣ್ಣನ ಕೈಯಲ್ಲಿ, ಇನ್ನೊಂದು ಟೈಲರಕ್ಕನ ಕೈಯಲ್ಲಿ.

"ಮೇಷ್ಟ್ರೇ," ಎಂದಳು ಟೈಲರಕ್ಕ ಸಣ್ಣ ದನಿಯಲ್ಲಿ. "ನಿಮ್ದು ಬಣ್ಣ ಬಿಡ್ತಿದೆ."

ಅವನು ತಲೆ ತಗ್ಗಿಸಿ ನೋಡಿದ. ಗೆರೆ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ನೀರಿಗೆ ಕಂದಾಗಿ ಇಳಿಯುತ್ತಿತ್ತು. ಪೆನ್ಸಿಲಿನ ಕಂಪನಿ ಕಣ್ಣೀರಿನ ಮಟ್ಟಿಗೆ ಮಾತ್ರ ಮಾತು ಕೊಟ್ಟಿತ್ತು, ನಿಜ. ಟೈಲರಕ್ಕ ಗಾಬರಿಯಿಂದ ಬೆರಳಲ್ಲಿ ಮುಟ್ಟಿದಳು. ಮುಟ್ಟಿದಷ್ಟೂ ಹೋಯಿತು. ಕೆಳಗೆ ನುಣ್ಣನೆಯ ಚರ್ಮ.

ಸುತ್ತು ನಿಂತಿತು.

"ಏನಿದು?" ಎಂದ ಡ್ರೈವರಣ್ಣ.

"ಹುಬ್ಬಿನ ಪೆನ್ಸಿಲ್ಲು."

"ಅಂದ್ರೆ, ಆಪರೇಷನ್ನು?"

"ಆಗಿಲ್ಲ. ಕಾರ್ಡು ತಪ್ಪಾಗಿ ಬಂದಿದ್ದು."

"ಮೆಟ್ಟಿಲ ಮೇಲೆ ಬಿದ್ದಿದ್ದು?"

"ಬಿದ್ದಿಲ್ಲ."

"ಮನೆಯವ್ರು ಅತ್ತಿದ್ದು?"

ಇದೊಂದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಅದೂ ಇಲ್ಲ," ಎಂದ ಕೊನೆಗೆ.

ಈಗ ಬೈಯುತ್ತಾರೆ ಅಂದುಕೊಂಡ. ಡ್ರೈವರಣ್ಣ ಕಪಾಳಕ್ಕೆ ಬಾರಿಸಿದರೂ ಬಾರಿಸಿಯಾನು. ಬಾರಿಸಲಿ ಎಂದೇ ಕಾದ. ಅಷ್ಟಾದರೆ ಅವನು ಅವರಿಗೆ ಏನೋ ಆಗಿದ್ದ ಎಂದಾಗುತ್ತಿತ್ತು.

ಡ್ರೈವರಣ್ಣನ ಮುಖ ನಿಧಾನವಾಗಿ ಅರಳಿತು. "ಅಯ್ಯೋ ಪುಣ್ಯಾತ್ಮ!" ಎಂದು ಎರಡೂ ಕೈಯೆತ್ತಿ ಕೂಗಿದ. "ಇವ್ರಿಗೆ ಏನೂ ಆಗಿಲ್ವಂತೆ ಕಣ್ರೋ! ಏನೂ ಆಗಿಲ್ವಂತೆ!"

ಕೊಳವೆಲ್ಲ ಹೋ ಎಂದಿತು. ಎಲ್ಲರೂ ನೀರು ತಳ್ಳಿಕೊಂಡು ಬಂದು ಅವನ ಎದೆ ಮುಟ್ಟಿ ನೋಡಿದರು. ಹೊಸ ಬಟ್ಟೆಯ ಥಾನು ಮುಟ್ಟಿದಂತೆ ಅಂಗೈಯಲ್ಲಿ ಸವರಿದಳು ಟೈಲರಕ್ಕ. "ಕತ್ತರಿ ತಾಗಿಲ್ಲ, ಸೂಜಿ ತಾಗಿಲ್ಲ. ಹಿಂಗೇ ಇರಿಯಪ್ಪಾ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಖುಷಿಯ ನೀರು. ಯಾರಿಗೂ ಸಿಟ್ಟಿಲ್ಲ. ಹಾಳಾದವರು, ಅಷ್ಟು ಒಳ್ಳೆಯವರು. ಅವನಿಗೂ ನಗು ಬಂತು, ಎಲ್ಲರಿಗಿಂತ ಜೋರಾಗಿ ನಕ್ಕ.

ನಗು ಇಳಿದ ಮೇಲೆ ಡ್ರೈವರಣ್ಣ ಕೈ ಚಾಚಿದ. ಅವನು ರೂಢಿಯಂತೆ ಮಣಿಕಟ್ಟು ಮೇಲೆ ಮಾಡಿ ಕೊಟ್ಟ. ಡ್ರೈವರಣ್ಣ ಅದನ್ನು ಬಿಟ್ಟು ಅಂಗೈ ಹಿಡಿದು ಕುಲುಕಿದ.

"ಒಳ್ಳೇದಾಗ್ಲಿ ಸಾರ್," ಎಂದ. ಮೇಷ್ಟ್ರೇ ಎನ್ನಲಿಲ್ಲ.

"ಸಾರ್, ನಾಳೆ ನೀಲಿ ಕಾರ್ಡು ಮಾಡಿಸ್ಕೊಡ್ತೀವಿ," ಎಂದಳು ಟ್ರೇನರ್ ಹುಡುಗಿ ದಡದಿಂದ, ಸಂಭ್ರಮದಲ್ಲೇ. "ಬೇರೆ ಬ್ಯಾಚು. ರಿಯಾಯಿತಿ ಸ್ವಲ್ಪ ಕಮ್ಮಿ ಆಗುತ್ತೆ, ಅಷ್ಟೇ. ಈಗ ನೀವ್ಯಾಕೆ ಈ ಸೊಂಟಮಟ್ಟದ ನೀರಲ್ಲಿ ಕಷ್ಟಪಡ್ತೀರಿ? ಹಗ್ಗದ ಆಚೆ ಹೋಗಿ, ಆರಾಮಾಗಿ ಈಜಿ."

ಅವನಿಗೆ ಈಜು ಬರುತ್ತಿರಲಿಲ್ಲ. ಬರಲ್ಲ ಎಂದರೆ ಮುಗಿದಿತ್ತು. ಆದರೆ ಇಷ್ಟು ಜನ ಇಷ್ಟು ಖುಷಿಯಿಂದ ಗಟ್ಟಿಮುಟ್ಟು ಎಂದು ಒಪ್ಪಿಕೊಂಡಿರುವಾಗ, ಅವರ ಮುಂದೆ ಇನ್ನೊಂದು ಊನ ಹೇಳಿಕೊಳ್ಳಲು ಬಾಯಿ ಬರಲಿಲ್ಲ.

"ಸರಿ," ಎಂದ.

ಹಗ್ಗದ ಕೆಳಗೆ ನುಸುಳಿದ. ಗೋಡೆಗೆ ಹಾಕಿದ್ದ ಕಂಬಿ ಹಿಡಿದು ಸರಿದ. ನೆಲ ಸ್ವಲ್ಪ ದೂರ ಜೊತೆಗೆ ಬಂತು, ಇಳಿಜಾರಾಯಿತು, ಆಮೇಲೆ ಇರಲಿಲ್ಲ. ಆಚೆಯ ನೀರು ತಣ್ಣಗಿತ್ತು, ಅಲ್ಲಿ ಯಾರೂ ಇರಲಿಲ್ಲ. ಈಚೆಗೆ ಅವರು ಮತ್ತೆ ಕೈ ಕೈ ಹಿಡಿದುಕೊಂಡರು. ಅವನಿದ್ದ ಜಾಗದಲ್ಲಿ ಡ್ರೈವರಣ್ಣನೂ ಟೈಲರಕ್ಕನೂ ಕೈ ಕೂಡಿಸಿದ್ದರು. ಸುತ್ತು ಅವನತ್ತ ತಿರುಗಿದಾಗಲೆಲ್ಲ ಹುರುಪಿನಿಂದ ಕೂಗುತ್ತಿದ್ದರು.

"ಕೈ ಬಿಡಿ ಸಾರ್! ಬಿಟ್ಬಿಡಿ! ನಿಮಗೇನೂ ಆಗಲ್ಲ!"

ಅವನೂ ನಗುತ್ತಾ ಒಂದು ಕೈ ಎತ್ತಿ ಬೀಸಿದ. ಇನ್ನೊಂದು ಕೈ ಕಂಬಿಯ ಮೇಲಿತ್ತು. ಕೆಳಗೆ, ಯಾರಿಗೂ ಕಾಣದಲ್ಲಿ, ಕಾಲಿನ ಹೆಬ್ಬೆರಳು ನೆಲ ಹುಡುಕುತ್ತಿತ್ತು.