ವೇಗ: ಸೊನ್ನೆ

ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಕಾಲುಗಳನ್ನು ಬಾಗಿಲಾಚೆ ಚಾಚಿ, ಕಾರಿನ ದೋಷ ಓದುವ, ಬೆಂಕಿಪೊಟ್ಟಣದಷ್ಟಿದ್ದ ಸ್ಕ್ಯಾನರನ್ನು ಅವನು ಒತ್ತಿ ಕೂರಿಸಿದ. ಫೋನಿನ ಆ್ಯಪು ‘ಸಂಪರ್ಕವಾಗಿದೆ’ ಎಂದಿತು. ಮೇಲೆ ಮನೆಯಲ್ಲಿ ಇಷ್ಟು ಸಲೀಸಾಗಿ ಯಾರಿಗೂ ಸಂಪರ್ಕವಾಗುವುದಿಲ್ಲವಲ್ಲ ಎಂಬ ಹಾಸ್ಯ ಹೊಳೆಯಿತು. ಕೇಳುವವರಿರಲಿಲ್ಲ. ತಾನೇ ಅರ್ಧ ನಕ್ಕ.

ಬುಧವಾರದಿಂದ ಮೀಟರಿನ ಪಕ್ಕ ಹಳದಿ ದೀಪ ಉರಿಯುತ್ತಿತ್ತು. ಅದು ಇಂಜಿನ್ನಿನ ಚಿತ್ರವಂತೆ. ಅವನಿಗೆ ಮೂತಿ ಉಬ್ಬಿಸಿಕೊಂಡ ಕೆಟಲಿನಂತೆ ಕಾಣುತ್ತಿತ್ತು. ಕಾರಿನಲ್ಲಿ ಆಫೀಸಿಗೆ ಹೋಗಿಬರುವವಳು ಹೆಂಡತಿ. “ಸೇತುವೆ ಮೇಲೆ ಜೋರಾಗೇ ಬರ್ತಿದ್ದೆ, ಇದ್ದಕ್ಕಿದ್ದ ಹಾಗೆ ಹತ್ಕೊಳ್ತು,” ಎಂದಿದ್ದಳು. ಅವನು ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ.

ಇಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದು ಸರಿಯಾಗಿ ಉರಿಯುತ್ತಿಲ್ಲವೆಂದು ಆ್ಯಪು ತೋರಿಸಿತು.

ನಾಲ್ವರಲ್ಲಿ ಒಬ್ಬ ಗೈರುಹಾಜರು. ಪ್ರಿನ್ಸಿಪಾಲರ ಮೂಗಿನ ದನಿಯಲ್ಲಿ ಅವನು ಹಾಜರಿ ಕರೆದ: “ನಂಬರ್ ತ್ರೀ! ಎಲ್ಲಿ ಹಾಳಾಗಿ ಹೋದ ಅವನು?” ಖಾಲಿ ಕಾರು ನಗಲಿಲ್ಲ.

ಸ್ಟಾಫ್ ರೂಮಿನಲ್ಲಾದರೆ ಬಿದ್ದು ಬಿದ್ದು ನಗುತ್ತಿದ್ದರು. ಪ್ರಿನ್ಸಿಪಾಲರು, ಲೈಬ್ರೇರಿಯನ್, ಅತ್ತೆ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಯೂ ನಕ್ಕು ನಕ್ಕು ಕಣ್ಣೊರೆಸಿಕೊಂಡವಳೇ. ಹೋದ ತಿಂಗಳು ಮಾತ್ರ, “ರೀ, ಒಂದ್ಸಲ ನಿಮ್ಮ ದನೀಲಿ ಮಾತಾಡಿ,” ಎಂದಳು. ಅವನು ಆ ಮಾತನ್ನೂ ಅವಳದೇ ದನಿಯಲ್ಲಿ ತಿರುಗಿ ಹೇಳಿ ತೋರಿಸಿದ. ಅಂದಿನಿಂದ ಅವಳು ಏನನ್ನೂ ಕೇಳಿರಲಿಲ್ಲ.

ಮೆಕ್ಯಾನಿಕ್ಕಿಗೆ ಫೋನು ಮಾಡಿದ.

“ಪ್ಲಗ್ಗಿಗೆ ಮಸಿ ಹಿಡಿದಿರತ್ತೆ ಸಾರ್. ಗಾಡಿ ನಿಲ್ಸ್ಕೊಂಡು ಸುಮ್ನೆ ಇಂಜಿನ್ ಓಡಿಸ್ತೀರಾ?”

“ಇಲ್ಲಪ್ಪ. ನಾನ್ಯಾಕೆ ಓಡಿಸ್ಲಿ?”

“ನನ್ನ ಕೇಳಿದ್ರೆ? ದೀಪ ಹತ್ಕೊಂಡ ಗಳಿಗೇದು ಎಲ್ಲಾ ವಿವರ ಅದ್ರೊಳಗೇ ಇರತ್ತೆ, ಒತ್ತಿ ನೋಡಿ. ಅಳಿಸ್ಬೇಡಿ ಮತ್ತೆ! ಅಳಿಸಿದ್ರೆ ಅದೂ ಹೋಯ್ತು ಅಂತ್ಲೇ.”

ಒತ್ತಿದ. ಆ ಗಳಿಗೆಯನ್ನು ಕಾರು ಫೋಟೋ ಹಿಡಿದಂತೆ ಹಿಡಿದಿಟ್ಟುಕೊಂಡಿತ್ತು. ಇಂಜಿನ್ ಶುರುವಾಗಿ: ಎಪ್ಪತ್ತೊಂದು ನಿಮಿಷ. ವೇಗ: ಸೊನ್ನೆ.

ಆಫೀಸಿನಿಂದ ಮನೆಗೆ ಇಪ್ಪತ್ತೇ ನಿಮಿಷ.

ಬುಧವಾರ ಸಂಜೆ ಕಿಟಕಿಯ ಕೆಳಗೆ ಯಾವುದೋ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಯಾವನೋ ಅವಿವೇಕಿ ಎಂದು ಬೈದುಕೊಂಡು ಅವನು ಕಿಟಕಿ ಮುಚ್ಚಿದ್ದ.

ಐವತ್ತೊಂದು ನಿಮಿಷ. ಇದೇ ಸೀಟಿನಲ್ಲಿ ಅವಳು. ಸಂಚಾರ ಮುಗಿದಿತ್ತು, ಸಂಸಾರಕ್ಕೆ ಹತ್ತಬೇಕಿದ್ದದ್ದು ಹದಿನೆಂಟು ಮೆಟ್ಟಿಲು.

“ಏನಂತೆ?”

ಹೆಂಡತಿ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತಿದ್ದಳು. ಕೇಳಬೇಕಾದದ್ದು ಅವನ ನಾಲಿಗೆಯ ತುದಿಗೆ ಬಂತು. ಯಾರ ದನಿಯಲ್ಲಿ ಕೇಳುವುದೆಂದು ತಿಳಿಯಲಿಲ್ಲ. ಹೆಬ್ಬೆರಳು ‘ಅಳಿಸು’ ಎಂಬುದನ್ನು ಒತ್ತಿಬಿಟ್ಟಿತು. ದೀಪ ಆರಿತು.

“ಏನಿಲ್ಲ ಮೇಡಂ, ಪ್ಲಗ್ಗಿಗೆ ಮಸಿ,” ಎಂದ, ಮೆಕ್ಯಾನಿಕ್ಕಿನ ದನಿಯಲ್ಲಿ.

“ಯಾಕೆ ಹಿಡೀತಂತೆ?”

“ಹಿಡಿಯತ್ತೆ ಮೇಡಂ. ಗಾಡಿ ಅಂದ್ಮೇಲೆ.”

ದೀಪವಿದ್ದ ಜಾಗವನ್ನು ಅವಳು ತುಸುಹೊತ್ತು ನೋಡಿದಳು. “ಬೇರೆ ಏನೂ ತೋರಿಸ್ಲಿಲ್ವಾ ಅದು?”

“ಇಲ್ಲ.”

“ಸರಿ, ಇಳೀರಿ. ಅಕ್ಕನ ಮನೆಗೆ ಹೋಗಿಬರ್ತೀನಿ.”

ಹದಿನೆಂಟು ಮೆಟ್ಟಿಲು ಹತ್ತಿ, ಮುಚ್ಚಿದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನು ಕೂತ. ಜೇಬಿನಲ್ಲಿ ಫೋನು ನಡುಗಿತು. ಸಂಪರ್ಕವಾಗಿದೆ. ಸ್ಕ್ಯಾನರನ್ನು ಕಾರಿನಲ್ಲೇ ಮರೆತಿದ್ದ.

ಪರದೆಯ ಮೇಲೆ ಇಂಜಿನ್ನಿನ ಸುತ್ತು ಎಣಿಸುವ ಮುಳ್ಳು ಏಳುನೂರೈವತ್ತರ ಆಸುಪಾಸು ಸಣ್ಣಗೆ ನಡುಗುತ್ತಿತ್ತು. ಇಂಜಿನ್ ಓಡುತ್ತಿದೆ. ವೇಗ: ಸೊನ್ನೆ.

ಐದು ನಿಮಿಷವಾಯಿತು. ಹನ್ನೆರಡಾಯಿತು. ಕಿಟಕಿ ತೆರೆದು ಒಂದು ಮಾತು ಕೂಗಿದರೆ ಸಾಕಿತ್ತು. ಚಿಲಕದ ಮೇಲೆ ಕೈಯಿಟ್ಟು ಬಾಯಿ ತೆರೆದ. ಗಂಟಲಿನ ಬಾಡಿಗೆದಾರರೆಲ್ಲ ಒಟ್ಟಿಗೇ ಮನೆ ಖಾಲಿ ಮಾಡಿದ್ದರು.

ಕೈ ಚಿಲಕ ಬಿಟ್ಟು ಫೋನಿಗೆ ಮರಳಿತು. ಅರ್ಧ ನಿಮಿಷಕ್ಕೊಮ್ಮೆ ಪರದೆ ತಾನಾಗಿಯೇ ಮಂಕಾಗುತ್ತಿತ್ತು. ಅದು ಪೂರ್ತಿ ಕಪ್ಪಾಗುವ ಮೊದಲೇ ಅವನು ಬೆರಳು ತಾಗಿಸುತ್ತಿದ್ದ. ಮುಳ್ಳು ಇನ್ನೂ ನಡುಗುತ್ತಿತ್ತು.