ಹಾಜರಿ ಮುಗಿದ ಮೇಲೆ

ಆ ದನಿ ಶಾಲನ ಚೌಗುಲೆಯವರಿಗೆ ಮೊದಲು ಕೇಳಿಸಿದ್ದು ಶಾಲೆ ತೆರೆದ ನಾಲ್ಕನೆಯ ದಿನ. ಪ್ರಾರ್ಥನೆ ಮುಗಿದು ಮಕ್ಕಳು ವರ್ಗಗಳಿಗೆ ಹೋದ ಮೇಲೆ ಕಟ್ಟಡಕ್ಕೆ ಒಂದು ಸುತ್ತು ಹಾಕುವುದು ಮುಖ್ಯಾಧ್ಯಾಪಿಕೆಯಾದಾಗಿನಿಂದ ಅವರ ರೂಢಿ. ಆರನೆಯ ‘ಬ’ ವರ್ಗದ ವರಾಂಡಕ್ಕೆ ಬಂದಾಗ ಒಳಗೆ ಹಾಜರಿ ಮುಗಿಯುವುದರಲ್ಲಿತ್ತು. ಕೊನೆಯ ಹೆಸರು ಸಾಯಲಿಯದು. ಅವಳು ‘ಹಜರ್’ ಅಂದಳು. ವರ್ಗಶಿಕ್ಷಕ ಸೌರಭ ಸರ್ ಹಾಜರಿ ಪುಸ್ತಕ ಮುಚ್ಚಿದರು. ಆಗ ಬೆಂಚುಗಳ ಸದ್ದಿನ ಅಡಿಯಿಂದ ಒಂದು ಹುಡುಗಿಯ ದನಿ ಬಂತು.

‘ಇಲ್ಲೇ ಅದೀನ್ರಿ.’

ಶಾಲನ ಅಲ್ಲೇ ನಿಂತುಬಿಟ್ಟರು. ಮಿರಜಿನ ಆ ಮರಾಠಿ ಶಾಲೆಯಲ್ಲಿ ಕನ್ನಡದಲ್ಲಿ ಹಾಜರಿ ಹೇಳಿದವಳು ಅವರಿಗೆ ಗೊತ್ತಿದ್ದಂತೆ ಒಬ್ಬಳೇ. ಅದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು.

ಮರುದಿನವೂ ಕೇಳಿಸಿತು. ಅದರ ಮರುದಿನವೂ. ಪ್ರತಿಸಲವೂ ಪುಸ್ತಕ ಮುಚ್ಚಿದ ಮೇಲೆ, ಪ್ರತಿಸಲವೂ ಕಿಟಕಿಯ ಹತ್ತಿರದಿಂದ. ಶಾಲನ ಒಮ್ಮೆಯೂ ಒಳಗೆ ಇಣುಕಲಿಲ್ಲ. ಇಣುಕಿದರೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡ, ಇಷ್ಟು ವರ್ಷವಾದರೂ ಒಂದಿಂಚೂ ಬೆಳೆಯದ ಹುಡುಗಿಯೊಬ್ಬಳು ಕೂತಿರುತ್ತಾಳೆ ಎಂದು ಅವರಿಗೆ ಭಯವಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಸೌರಭರನ್ನು ಕೇಳಿದರು, ‘ಸಾಯಲಿಯ ಹೆಸರು ಆದ ಮೇಲೆ ಮಾತಾಡುವವರು ಯಾರು?’

‘ಯಾರೂ ಇಲ್ಲ ಮ್ಯಾಡಮ್. ಅವಳದೇ ಕೊನೆಯ ನಂಬರು.’

ಅವರು ಮತ್ತೆ ಕೇಳಲಿಲ್ಲ.

ಶಾಲೆಯ ಶಿಪಾಯಿ ಗುರುಸಿದ್ಧಪ್ಪ ಮಾತ್ರ ಗಮನಿಸಿದ್ದ. ಈ ವರ್ಷ ನಿವೃತ್ತನಾಗಲಿರುವ ಮುದುಕ ಅವರೊಡನೆ ಮೊದಲಿನಿಂದಲೂ ಕನ್ನಡದಲ್ಲೇ ಮಾತಾಡುತ್ತಿದ್ದ. ಅವರು ಮೊದಲಿನಿಂದಲೂ ಮರಾಠಿಯಲ್ಲೇ ಉತ್ತರಿಸುತ್ತಿದ್ದರು.

‘ಬಾಯಾರ, ದಿನಾ ಅಲ್ಲೇ ಯಾಕ ನಿಂದರ್ತೀರಿ? ಫರಸಿ ಕಲ್ಲು ಸವದೀತು.’

ನಿನ್ನ ಕೆಲಸ ನೋಡು ಎಂದು ಅವರು ಮರಾಠಿಯಲ್ಲಿ ಗದರಿದರು.

‘ಆತ್ರಿ. ನೀವು ಮರಾಠ್ಯಾಗ ಬೈರಿ, ನಾ ಕನ್ನಡದಾಗ ತಿಂತೇನಿ,’ ಎನ್ನುತ್ತ ಅವನು ಗಂಟೆ ಹೊಡೆಯಲು ಹೋದ.

2001ರ ಜೂನಿನಲ್ಲಿ ಶಾಲನ ಇದೇ ಶಾಲೆಗೆ ಹೊಸ ಶಿಕ್ಷಕಿಯಾಗಿ ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಬೇಡಗದ ಅವರ ಜೈನ ಮನೆಯಲ್ಲಿ ಆಡುವ ಮಾತು ಕನ್ನಡ. ಸ್ಟಾಫ್ ರೂಮಿನಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅವರ ವರ್ಗಕ್ಕೆ ಖಂಡೇರಾಜುರಿಯಿಂದ ಈರವ್ವ ಎಂಬ ಹುಡುಗಿ ಬಂದಳು. ಅಪ್ಪ ಮಿರಜ ಪೇಟೆಯಲ್ಲಿ ಹಮಾಲ. ಮೊದಲ ದಿನ ಹೆಸರು ಕರೆದಾಗ ಅವಳು ಎದ್ದು ನಿಂತು, ‘ಇಲ್ಲೇ ಅದೀನ್ರಿ’ ಅಂದಳು.

ಆ ವರ್ಗದ ಮರಾಠಿ ಮಕ್ಕಳಿಗೆ ಗೊತ್ತಿದ್ದ ಕನ್ನಡ ಶಬ್ದ ಒಂದೇ, ‘ಇಲ್ಲಾ’. ಇವಳು ತಾನೇ ಇಲ್ಲ ಅಂತಾಳೆ ಎಂದು ಯಾರೋ ಕೂಗಿದರು. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ಹೇಳಿದ್ದೇನೆಂದು ಶಾಲನರಿಗೆ ಚೆನ್ನಾಗಿ ತಿಳಿದಿತ್ತು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಿದರೆ ತಾವೂ ಕನ್ನಡದವರೆಂದು ಗೊತ್ತಾಗುತ್ತಿತ್ತು. ಅವರು ನಕ್ಕರು. ‘ಇಲ್ಲ ಅಂದರೆ ಇಲ್ಲ,’ ಎಂದು ಮರಾಠಿಯಲ್ಲಿ ಅಂದು ಗೈರು ಗುರುತು ಹಾಕಿದರು.

ಸಂಜೆ ಆ ಗುರುತನ್ನು ತಿದ್ದಿದರು. ನಗುವನ್ನು ತಿದ್ದಲಾಗಲಿಲ್ಲ. ಈರವ್ವನ ಹೆಸರು ‘ಇಲ್ಲಾ’ ಆಯಿತು. ದಿನವೂ ಗೇಟಿನಲ್ಲಿ ‘ಇಲ್ಲಾ ಆಲೀ, ಇಲ್ಲಾ ಆಲೀ’, ಇಲ್ಲ ಬಂದಳು ಎಂಬ ಕೂಗು. ದೀಪಾವಳಿ ರಜೆಯ ನಂತರ ಅವಳು ಬರಲಿಲ್ಲ. ದಾಖಲಾ, ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ, ಕೇಳಲೂ ಯಾರೂ ಬರಲಿಲ್ಲ. ಅದಿಲ್ಲದೆ ಆಗ ಬೇರೆ ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮುಖ್ಯಾಧ್ಯಾಪಿಕೆಯ ಕುರ್ಚಿಯಲ್ಲಿ ಕೂತ ದಿನ ಶಾಲನ ಮೊದಲು ತೆರೆದದ್ದು ಹಳೆಯ ಜನರಲ್ ರಿಜಿಸ್ಟರನ್ನು. ಈರವ್ವನ ಹೆಸರಿನ ಮುಂದೆ ಶಾಲೆ ಬಿಟ್ಟ ದಿನಾಂಕದ ಜಾಗ ಖಾಲಿಯಿತ್ತು. ಕಾಗದದ ಪ್ರಕಾರ ಅವಳು ಇನ್ನೂ ಅಲ್ಲೇ ಓದುತ್ತಿದ್ದಳು.

ಜುಲೈ ಮೊದಲ ವಾರ ಸೌರಭ ಒಬ್ಬ ಹೆಂಗಸನ್ನು ಕರೆದುಕೊಂಡು ಕಚೇರಿಗೆ ಬಂದರು. ಆರಗದ ಸುನಂದಾಬಾಯಿ. ಮಿರಜಿನ ಒಂದು ಆಸ್ಪತ್ರೆಯಲ್ಲಿ ಅಡಿಗೆ ಕೆಲಸ. ಮಗಳು ಅನುಜಾ ಆರನೆಯ ‘ಬ’ದಲ್ಲಿ ಹೊಸಬಳು. ಐದನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ದಾಖಲಾ ಬೇಕೆಂಬ ಅರ್ಜಿಯನ್ನು ಯಾರಿಂದಲೋ ಬರೆಸಿ ತಂದಿದ್ದರು.

‘ಹದಿನೇಳು ದಿನದಲ್ಲಿ ಹದಿನಾರು ದಿನ ಗೈರು, ಮ್ಯಾಡಮ್,’ ಎಂದು ಸೌರಭ ಮರಾಠಿಯಲ್ಲಿ ಹೇಳಿದರು.

‘ಬರುವುದೇ ಇಲ್ಲವೇ?’

‘ಬರುತ್ತಾಳೆ. ಹೆಸರು ಕರೆದರೆ ಬಾಯಿ ಬಿಡುವುದಿಲ್ಲ. ಹಜರ್ ಅನ್ನದವರು ಹಾಜರಿಲ್ಲ. ಎಲ್ಲರಿಗೂ ಒಂದೇ ನಿಯಮ.’

ಸೌರಭ ಕೆಟ್ಟ ಮಾಸ್ತರರಲ್ಲ. ರಜೆ ಹಾಕಿದ್ದು ಕಡಿಮೆ, ಮಕ್ಕಳಿಗೆ ಹೊಡೆದದ್ದು ಯಾರೂ ನೋಡಿಲ್ಲ.

ಸುನಂದಾಬಾಯಿ ಮರಾಠಿಯಲ್ಲಿ ಶುರುಮಾಡಿ ಅರ್ಧಕ್ಕೇ ಕನ್ನಡಕ್ಕೆ ಹೊರಳಿದರು. ‘ದಿನಾ ನನ್ನ ಕೂಡ ಬಸ್ಸಿಗೆ ಬರ್ತಾಳ್ರಿ ಬಾಯಾರ. ನಾನ ಗೇಟಿನ ತನಕಾ ಬಿಟ್ಟು ಹೋಗ್ತೇನಿ. ಮಧ್ಯಾಹ್ನ ಮೊಬೈಲಿಗೆ ಮೆಸೇಜ್ ಬರ್ತದ, ನಿಮ್ಮ ಹುಡುಗಿ ಸಾಲ್ಯಾಗ ಇಲ್ಲ ಅಂತ. ಮೊದಲನೇ ದಿನ ಕೈಯಾಗಿನ ಪಾತೇಲಿ ಒಗದು ಓಡಿ ಬಂದೇನಿ. ನೋಡಿದ್ರ ಒಳಗ ಕುಂತಾಳ. ಕಣ್ಣಿಗೆ ಕಾಣ್ತಾಳ, ಮೊಬೈಲಿನ್ಯಾಗ ಇಲ್ಲ. ನನ್ನ ಮಗಳು ಏನ್ ದೆವ್ವ ಏನ್ರಿ?’

‘ಅವಳಿಗೆ ಕನ್ನಡ ಶಾಲೆಯೇ ಒಳ್ಳೆಯದು. ಗಡಿಯಾಚೆ ಕಾಗವಾಡದ ಕಡೆ ಎಷ್ಟೋ ಇವೆ,’ ಅಂದರು ಸೌರಭ.

‘ಆ ಕಡೆ ನಮ್ಮವರು ಯಾರದಾರ್ರಿ? ದಾಖಲಾ ಕೊಡ್ರಿ. ಹುಡುಗಿ ಮನ್ಯಾಗ ಇರ್ಲಿ. ಇನ್ನ ಸಾಲಿ ಸಾಕು.’

ಶಾಲನ ಪೆನ್ನು ತೆಗೆದರು. ತಾಯಿ ತಾನಾಗಿ ತಂದುಕೊಟ್ಟ ಅರ್ಜಿ. ಸಹಿ ಮಾಡಿದರೆ ಈ ಸಲ ಯಾವ ಜಾಗವೂ ಖಾಲಿ ಉಳಿಯುವುದಿಲ್ಲ.

‘ಹಾಜರಿ ಇರುವುದು ಯಾವ ದಿನ?’ ಎಂದು ಸುಮ್ಮನೆ ಕೇಳಿದರು.

ಸೌರಭ ನಕ್ಕರು. ‘ಮೊದಲ ದಿನ. ಅಂದು ಭಾರಿ ತಮಾಷೆ ಆಯಿತು. ಎದ್ದು ನಿಂತು, ನಾನು ಇಲ್ಲ ಅಂದಳು ಮ್ಯಾಡಮ್! ಹರ್ಷದನಂತೂ ಬೆಂಚಿನಿಂದ ಕೆಳಗೇ ಬಿದ್ದ. ಅಂದಿನಿಂದ ಮೌನವ್ರತ.’

ಪೆನ್ನು ನಿಂತಿತು.

‘ಅವಳು ಎಲ್ಲಿ ಕೂಡುತ್ತಾಳೆ?’

‘ಮೂರನೆಯ ಬೆಂಚು. ವರಾಂಡದ ಕಿಟಕಿಯ ಪಕ್ಕ.’

ಶಾಲನ ಪೆನ್ನು ಮುಚ್ಚಿಟ್ಟರು. ದಿನವೂ ಪುಸ್ತಕ ಮುಚ್ಚಿದ ಮೇಲೆ, ನಗುವವರ ಕಿವಿ ಬೇರೆ ಕಡೆ ತಿರುಗಿದಾಗ, ಬದುಕಿರುವ ಒಂದು ಹುಡುಗಿ ತಾನು ಇಲ್ಲೇ ಇದ್ದೇನೆ ಎಂದು ಕಿಟಕಿಗೆ ಹೇಳುತ್ತ ಬಂದಿದ್ದಳು. ಕಿಟಕಿಯ ಹೊರಗೆ ಶಾಲೆಯ ಮುಖ್ಯಸ್ಥೆಯೇ ನಿಂತಿದ್ದರು. ಕೇಳಿಸಿಕೊಂಡು, ದೆವ್ವವೆಂದು ತಿಳಿದು, ಮುಂದೆ ಹೋಗಿದ್ದರು.

‘ಬರ್ರಿ,’ ಎಂದು ಸುನಂದಾಬಾಯಿಗೆ ಹೇಳಿ ಎದ್ದರು. ಆ ಕಚೇರಿಯಲ್ಲಿ ಅವರ ಬಾಯಿಂದ ಬಂದ ಮೊದಲ ಕನ್ನಡ ಅದು. ಸೌರಭ ಏನೂ ಅರ್ಥವಾಗದೆ ಹಿಂದೆ ಬಂದರು.

ಮೂವರೂ ಆರನೆಯ ‘ಬ’ದ ಬಾಗಿಲಿಗೆ ಬರುವಾಗ ಒಳಗಿಂದ ಯಾವನೋ ಪಿಸುಗುಟ್ಟಿದ, ‘ಇಲ್ಲಾಚೀ ಆಯೀ ಆಲೀ.’ ‘ಇಲ್ಲಾ’ಳ ಅವ್ವ ಬಂದಳು. ಕಿಸಕ್ಕನೆ ನಗು. ಮೂರನೆಯ ಬೆಂಚಿನಲ್ಲಿ ಒಂದು ಹುಡುಗಿ ತಲೆ ತಗ್ಗಿಸಿ ಬೆರಳಿನಿಂದ ಬೆಂಚಿನ ಬಿರುಕು ತಿಕ್ಕುತ್ತಿದ್ದಳು. ಅವಳ ಕೂದಲು ಕತ್ತರಿಸಿದ್ದು, ಜಡೆ ಇರಲಿಲ್ಲ. ಈರವ್ವನಂತೆ ಅವಳು ಕಾಣುತ್ತಲೇ ಇರಲಿಲ್ಲ.

‘ಅನುಜಾ,’ ಅಂದರು ಶಾಲನ. ಅವಳು ತಲೆ ಎತ್ತಲಿಲ್ಲ. ‘ನಾ ದಿನಾ ಈ ಕಿಟಕಿ ಹೊರಗ ನಿಂತು ನಿನ್ನ ದನಿ ಕೇಳೇನಿ. ಒಳಗ ಬರಲಿಲ್ಲ. ತಪ್ಪು ನಂದವ್ವಾ.’

‘ಮ್ಯಾಡಮ್, ನಿಮಗೆ ಕಾನಡೀ ಬರ್ತದಾ?’ ಹರ್ಷದ ಕೇಳಿಯೇಬಿಟ್ಟ.

‘ಹುಟ್ಟಿದಾಗಿನಿಂದ. ನಿಮ್ಮ ಮನೆಯಲ್ಲಿ?’

ಅವನು ಕಾಲು ನೋಡಿಕೊಂಡ. ‘ಆಜೀಗೆ ಬರ್ತದೆ. ನನಗೆ ತಿಳಿಯುತ್ತದೆ ಅಷ್ಟೇ.’

‘ಹಾಗಾದರೆ ಇವಳು ಮೊದಲ ದಿನ ಹೇಳಿದ್ದು ನಿನಗೆ ತಿಳಿದಿತ್ತು.’

ಹರ್ಷದನ ಕಿವಿ ಕೆಂಪಾದವು. ಶಾಲನ ಅವನನ್ನು ಬಿಟ್ಟು ಇಡೀ ವರ್ಗಕ್ಕೆ ಮರಾಠಿಯಲ್ಲಿ ಹೇಳಿದರು, ‘ಇಲ್ಲೇ ಅಂದರೆ ಇಲ್ಲಿಯೇ. ಇಲ್ಲ ಅಂದರೆ ಬೇರೆ. ಇದೇ ಶಾಲೆಯಲ್ಲಿ ಇನ್ನೊಬ್ಬಳು ಇದೇ ಮಾತು ಹೇಳಿದ್ದಳು. ನನಗೂ ತಿಳಿದಿತ್ತು. ನಾನೂ ನಕ್ಕೆ. ಅವಳು ಆಮೇಲೆ ಬರಲಿಲ್ಲ. ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.’ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಗುರುಸಿದ್ಧಪ್ಪ ಟೋಪಿ ತೆಗೆದ.

ಶಾಲನ ಹಾಜರಿ ಪುಸ್ತಕ ತೆರೆದು ಅನುಜಾಳ ಹದಿನಾರು ಗೈರು ಗುರುತುಗಳನ್ನು ಕೆಂಪು ಶಾಯಿಯಲ್ಲಿ ಒಂದೊಂದಾಗಿ ಹೊಡೆದುಹಾಕಿ ಪ್ರತಿಯೊಂದರ ಕೆಳಗೂ ಸಹಿ ಮಾಡಿದರು.

‘ಮತ್ತೆ ನಿಯಮ, ಮ್ಯಾಡಮ್?’ ಸೌರಭರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

‘ಎಲ್ಲಾ ವರ್ಗಗಳಿಗೂ ನಾಳೆಯಿಂದ ಒಂದೇ. ತಲೆ ಎತ್ತಿ, ಕೂತವರ ಮುಖ ನೋಡಿ ಬರೆಯಿರಿ. ಅವರು ಯಾವ ಭಾಷೆಯಲ್ಲಾದರೂ ಓ ಅನ್ನಲಿ. ಅನ್ನದಿದ್ದರೆ, ಯಾಕೆ ಅನ್ನಲಿಲ್ಲ ಅಂತ ಹತ್ತಿರ ಹೋಗಿ ಕೇಳಿ. ನಾನೂ ಇನ್ನು ವರಾಂಡದಲ್ಲಿ ನಿಲ್ಲುವುದಿಲ್ಲ.’

ಸುನಂದಾಬಾಯಿ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು, ಹರಿಯಲಿಲ್ಲ. ‘ಎಂಟು ದಿನ ನೋಡ್ತೇನ್ರಿ,’ ಎಂದಷ್ಟೇ ಹೇಳಿ ಹೋದರು.

ಶಾಲನ ದಿನವೂ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಅನುಜಾ ಆರು ದಿನ ಬಾಯಿ ಬಿಡಲಿಲ್ಲ. ಸೌರಭ ಆರು ದಿನವೂ ಅವಳ ಮುಖ ನೋಡಿ ಹಾಜರಿ ಬರೆದರು. ಏಳನೆಯ ದಿನ ಅವಳು ಎದ್ದು ನಿಂತಳು. ‘ಇಲ್ಲೇ ಅದೀನ್ರಿ ಸರ್.’ ಒಂದಿಬ್ಬರು ನಕ್ಕರು. ಅವಳು ತಿರುಗಿ ನೋಡಿ, ಕೂಡದೆ, ಇನ್ನೊಮ್ಮೆ ಜೋರಾಗಿ ಹೇಳಿದಳು. ಎಂಟನೆಯ ದಿನ ಸುನಂದಾಬಾಯಿ ದಾಖಲಾ ಕೇಳಲು ಬರಲಿಲ್ಲ.

ಅಂದು ಸಾಯಲಿ ‘ಹಜರ್’ ಅಂದಳು. ಪುಸ್ತಕ ಮುಚ್ಚಿತು. ಬೆಂಚುಗಳು ಸದ್ದು ಮಾಡಿದವು. ಶಾಲನ ಕಾದು ಕೂತರು. ಆ ಇನ್ನೊಂದು ದನಿ ಒಂದು ಸಲವಾದರೂ ಬರಲಿ ಎಂದು ಅವರಿಗೇ ಅನಿಸಿತ್ತು. ಬರಲಿಲ್ಲ. ಅಷ್ಟು ದಿನ ಕೇಳಿದ್ದೆಲ್ಲ ಅನುಜಾಳದೇ. ಈರವ್ವ ದೆವ್ವವಾಗಿಯೂ ಆ ಶಾಲೆಗೆ ಮರಳಿ ಬಂದಿರಲಿಲ್ಲ.