ಅಜ್ಜಂದಿರನ್ನು ಬರೆದುಕೊಡುತ್ತಿದ್ದ ಇಬೆ ಗೆಂಪಾಚಿ

ಇಬೆ ಗೆಂಪಾಚಿಯ ಮೇಲಂಗಿಯ ಬೆನ್ನಿನಲ್ಲಿ ವಂಶಲಾಂಛನವಿರಬೇಕಾದ ಜಾಗದಲ್ಲಿ ಒಂದು ಬರಿಯ ಬಿಳಿ ವೃತ್ತವಿತ್ತು. ಕೋಟೆಪೇಟೆಯ ಸಮುರಾಯಿಗಳೆಲ್ಲ ಬೆನ್ನ ಮೇಲೆ ಎಲೆಯನ್ನೋ ಹೂವನ್ನೋ ಬಾಣದ ಗರಿಯನ್ನೋ ಹೊತ್ತು ಗಂಭೀರವಾಗಿ ನಡೆಯುತ್ತಿದ್ದರೆ, ಒಡೆಯನಿಲ್ಲದ ಈ ಬಡ ಸಮುರಾಯಿ ಆ ಖಾಲಿ ವೃತ್ತವನ್ನು ಹೊತ್ತು, ಎಡಗಾಲನ್ನು ತುಸು ಎಳೆಯುತ್ತ, ಗೋಡೆಗೆ ಅಂಟಿಕೊಂಡಂತೆ ಸಾಗುತ್ತಿದ್ದ. ತಮಾಷೆಯೆಂದರೆ, ಊರಿನ ಅರ್ಧಕ್ಕರ್ಧ ಮನೆತನಗಳಿಗೆ ಪರಾಕ್ರಮಿ ಪೂರ್ವಜರನ್ನು ಬರೆದುಕೊಟ್ಟವನು ಅವನೇ. ಅವನ ಬರಹವನ್ನು ಅಂದವಾಗಿ ನಕಲು ಮಾಡುತ್ತಿದ್ದವನು ನಾನು.

ಯುದ್ಧಗಳು ಮುಗಿದು ತಲೆಮಾರುಗಳೇ ಕಳೆದಿದ್ದ ಕಾಲವದು. ಕತ್ತಿ ಹಿರಿಯುವ ಪ್ರಸಂಗವೇ ಇಲ್ಲದಾದಾಗ ಅಜ್ಜ ಹಿರಿದ ಕತ್ತಿಯ ಕಥೆಯೇ ಮೊಮ್ಮಗನ ಮರ್ಯಾದೆ. ಗೆಂಪಾಚಿ ಅಂಥ ಕಥೆಗಳನ್ನು ಧಾರಾಳವಾಗಿ ಬರೆಯುತ್ತಿದ್ದ. ಆದರೆ ಪ್ರತಿ ವೀರನಿಗೂ ಒಂದು ಕೊರತೆಯನ್ನಿಡದೆ ಬಿಡುತ್ತಿರಲಿಲ್ಲ. ಒಬ್ಬನಿಗೆ ಕುದುರೆಯೆಂದರೆ ಭಯ, ಇನ್ನೊಬ್ಬನಿಗೆ ವಿಪರೀತ ಗೊರಕೆ. ಮನೆಯವರು ಮುಖ ಗಂಟಿಕ್ಕಿದರೆ, “ಹಲ್ಲುನೋವೂ ಬರದಿರೋ ವೀರನ್ನ ಯಾರ್ರೀ ನಂಬ್ತಾರೆ?” ಎನ್ನುತ್ತ ಕುಂಚ ತೊಳೆಯಲು ಏಳುತ್ತಿದ್ದ.

ಒಂದು ಶರತ್ಕಾಲದಲ್ಲಿ ಅವನಿಗೆ ಫಜೀತಿ ಒದಗಿತು. ಅಜ್ಜಂದಿರ ಕಾಲದ ಸಾವನೊ ಹೊಳೆಯ ಕಾಳಗವನ್ನು ಬರೆದು ದೊರೆಯ ಮುಂದೆ ಓದಬೇಕೆಂದು ಅಪ್ಪಣೆಯಾಯಿತು. ಹೊಳೆ ದಾಟಿ ಶತ್ರುವಿನ ಮೇಲೆ ಮೊದಲು ಬಿದ್ದವನು ತಮ್ಮಜ್ಜನೇ ಎಂದು ಹೊರಿಗುಚಿ ಮನೆತನದವರೂ ಮಾನಬೆ ಮನೆತನದವರೂ ಪಟ್ಟು ಹಿಡಿದಿದ್ದರು. “ನಮ್ಮಜ್ಜ ಆಚೆ ದಡದಲ್ಲಿ ತಲೆ ಕಡೀತಿದ್ದಾಗ ಮಾನಬೆಯವ್ರು ಈಚೆ ದಡದಲ್ಲಿ ನೀರು ತಣ್ಣಗಿದ್ಯಾ ಅಂತ ಬೆರಳದ್ದಿ ನೋಡ್ತಿದ್ರು,” ಎಂದು ಹೊರಿಗುಚಿಯ ಯಜಮಾನ ನಾಲ್ಕು ಜನರ ಮುಂದೆ ಅಂದುಬಿಟ್ಟ. ತಮ್ಮಜ್ಜನನ್ನು ಎರಡನೆಯವನೆಂದು ಓದಿದರೆ ಓದಿದವನ ತಲೆ ಉಳಿಯದು ಎಂದು ಮಾನಬೆಯ ಯಜಮಾನ ಹೇಳಿಕಳಿಸಿದ. ಮರುದಿನ ಹೊರಿಗುಚಿಯವನೂ ಅದನ್ನೇ ಹೇಳಿಕಳಿಸಿದ. ನನಗಂತೂ ಹೆದರಿಕೆಯಿಂದ ಅನ್ನ ಸೇರುತ್ತಿರಲಿಲ್ಲ.

ಸಭೆಯಲ್ಲಿ ಗೆಂಪಾಚಿ ಓದಿದ. ಎರಡು ಮನೆಯ ಕುದುರೆಗಳೂ ಒಟ್ಟಿಗೇ ನೀರಿಗಿಳಿದುವು. ಆದರೆ ಅವು ನಡುಹೊಳೆ ಮುಟ್ಟುವ ಹೊತ್ತಿಗೆ ಹೆಸರು ತಿಳಿಯದ ಬಡ ಯೋಧನೊಬ್ಬ, ಒಂದು ಹುಲ್ಲುಚಪ್ಪಲಿಯನ್ನು ಪ್ರವಾಹಕ್ಕೆ ಕೊಟ್ಟು, ಎಲ್ಲರಿಗಿಂತ ಮೊದಲು ಆಚೆ ದಡ ಹತ್ತಿ, ಅಲ್ಲಿಯೇ ಮಡಿದಿದ್ದ. ಎರಡೂ ಮನೆಯವರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಮೆರೆಯಲು ಮೊಮ್ಮಕ್ಕಳಿಲ್ಲದವನಿಗೆ ಸೋಲುವುದರಲ್ಲಿ ಅವರಿಗೆ ಅವಮಾನ ಕಾಣಲಿಲ್ಲ.

ವೃದ್ಧ ದೊರೆ ಮಾತ್ರ ಕಣ್ಣೊರೆಸಿಕೊಂಡು ಕೇಳಿದ: “ಅವನ ವಂಶದವರು ಯಾರಾದ್ರೂ ಉಳಿದಿದ್ದಾರೇನಯ್ಯ? ಇದ್ರೆ ಹೇಳು, ನಮ್ಮಲ್ಲೇ ಇಟ್ಕೋತೀವಿ.”

ಗೆಂಪಾಚಿ ಓದಿದ ಹಾಳೆಗಳನ್ನು ಮಡಿಸಿಟ್ಟ. “ಯಾರೂ ಇಲ್ಲ, ಪ್ರಭು,” ಎಂದ.

ಮನೆಯ ದಾರಿಯಲ್ಲಿ ಕೇಳಿದೆ: “ಆ ಯೋಧನ್ನ ಎಲ್ಲಿಂದ ತಂದ್ಯೋ?”

“ನಮ್ಮನೆಯಿಂದ್ಲೇ. ನಮ್ಮಜ್ಜ ಅವನು. ಚಪ್ಪಲಿ ಹೋದದ್ದು ನಿಜ, ಎಲ್ಲರಿಗಿಂತ ಮೊದಲು ದಡ ಹತ್ತಿದ್ದೂ ನಿಜ. ನಡುಹೊಳೆಯಿಂದ ತಿರುಗಿ ಓಡಿದ, ಹತ್ತಿದ್ದು ಈಚೆ ದಡ. ಆಗಿನ ಒಡೆಯರು ಈ ಬೆನ್ನಿನ ಲಾಂಛನ ಕಿತ್ಕೊಂಡದ್ದು ಅದಕ್ಕೇ.”

“ಹೆಸರು ಹೇಳಿದ್ರೆ ಇವತ್ತು ನಿನಗೊಂದು ನೆಲೆ ಸಿಗ್ತಿತ್ತಲ್ಲೋ ಮಾರಾಯ.”

“ಊರವ್ರ ಅಜ್ಜಂದಿರ ಮೇಲೆ ಬೇಕಾದಷ್ಟು ಸುಳ್ಳು ಬರೆದಿದ್ದೀನಿ, ಅವ್ರು ನಂಗೆ ಯಾರೂ ಅಲ್ಲ. ಇವನು ನಮ್ಮವನು. ಇವನ ಹೆಸರಿನ ಮೇಲೆ ಸುಳ್ಳು ಬರೆಯಲಾರೆ.”

ಪೂರ್ವಜರ ಹೆಸರೆತ್ತಿ ಎದೆಯುಬ್ಬಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಕೀರ್ತಿ, ಅದನ್ನು ಯಾರ ಕುಂಚದಿಂದಲಾದರೂ ಬರೆಯಿಸಿಕೊಂಡಾರು. ಗೆಂಪಾಚಿಯಂಥ ಅಪರೂಪದವರಿಗೆ ಬೇಕಾದದ್ದು ಪೂರ್ವಜರೇ. ಹೆದರಿ ಓಡಿಬಂದವನಾದರೂ ಸರಿ, ಅವನನ್ನು ಬೇರೊಬ್ಬನನ್ನಾಗಿ ಮಾಡಿ ಅನ್ನ ಉಣ್ಣಲು ಅವರ ಮನಸ್ಸು ಒಪ್ಪುವುದಿಲ್ಲ.